ಕೊಂಡು ಇಟ್ಟಿದ್ದ ಕಾವಲು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಇಳಕಲ್ ಕೇಂದ್ರದಿಂದ ಫೋನ್ ಬಂತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆಮೇಲೆ ಸೈಬರ್ ಪೊಲೀಸರ ಮುಂದೆ, ಆಡಳಿತಾಧಿಕಾರಿಗಳ ಮುಂದೆ, ಹುಬ್ಬಳ್ಳಿಯಿಂದ ಬಂದ ತಂತ್ರಜ್ಞರ ಮುಂದೆ ಅದನ್ನು ಮತ್ತೆ ಮತ್ತೆ ಹೇಳಬೇಕಾಯಿತು. ಈಗಲೂ ಗೋಡೆ ಗಡಿಯಾರದ ಮುಳ್ಳು ಅಲ್ಲಿಗೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಮ್ಮೆ ಸರ್ವರ್ ನೋಡಿ ಬರುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿರುವ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ವಿಭಾಗವೆಂದರೆ ನಾನೊಬ್ಬಳೇ. ಆಗಿನ್ನೂ ಸೇರಿ ಕೆಲವು ತಿಂಗಳಾಗಿತ್ತು. ಹುನಗುಂದ, ಇಳಕಲ್ ಮತ್ತು ಬಾದಾಮಿಯಲ್ಲಿ ನಮ್ಮ ಸಣ್ಣ ಕೇಂದ್ರಗಳಿವೆ. ಇಳಕಲ್ಲಿನ ಕೇಂದ್ರದಲ್ಲಿ ಡಯಾಲಿಸಿಸ್ ಘಟಕವೂ ಇದೆ. ನಮ್ಮಲ್ಲಿ ಕಿಡ್ನಿ ತಜ್ಞರು ಒಬ್ಬರೇ, ಅವರು ಕೂರುವುದು ನವನಗರದಲ್ಲಿ. ಇಳಕಲ್ಲಿನ ರೋಗಿಗಳ ವಿವರವನ್ನು ಅವರು ಇಲ್ಲಿಂದಲೇ ತೆರೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಅಲ್ಲಿ ಸೂಜಿ ಚುಚ್ಚುವುದು. ಇಲ್ಲಿಗೂ ಅಲ್ಲಿಗೂ ಎಳೆದ ಆ ಒಂದು ನೆಟ್‌ವರ್ಕ್ ಲೈನಿನಿಂದಾಗಿ ಹುನಗುಂದ, ಇಳಕಲ್ ಕಡೆಯ ಕಿಡ್ನಿ ರೋಗಿಗಳಿಗೆ ವಾರಕ್ಕೆ ಮೂರು ಸಲ ಬಾಗಲಕೋಟೆಗೆ ಬಂದು ಹೋಗುವುದು ತಪ್ಪಿತ್ತು.

ಫೋನ್ ಮಾಡಿದವಳು ಅಲ್ಲಿಯ ಕೌಂಟರಿನ ಹುಡುಗಿ. "ಮೇಡಂ, ಒಂದೂ ಫೈಲ್ ತೆರೀವಲ್ದು. ಎಲ್ಲಾ ಹೆಸರಿನ ಹಿಂದ ಏನೋ ಬಾಲ ಹತ್ತೈತ್ರಿ."

ನಾನು ಇಲ್ಲಿಯ ಸರ್ವರ್ ತೆರೆದು ನೋಡಿದೆ. ಹಣ ಕೀಳಲು ಫೈಲುಗಳಿಗೆ ಬೀಗ ಹಾಕುವ ವೈರಸ್ ಒಳಗೆ ಬಂದಿತ್ತು; ಇಳಕಲ್ಲಿನ ಫೋಲ್ಡರಿನಲ್ಲಿ ಎಲ್ಲವೂ ಹೋಗಿತ್ತು. ಹುನಗುಂದದ ಫೋಲ್ಡರಿನಲ್ಲಿ ಫೈಲುಗಳ ಹೆಸರು ನನ್ನ ಕಣ್ಣೆದುರೇ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬದಲಾಗುತ್ತ ಬರುತ್ತಿದ್ದವು. ಆತುರವಿಲ್ಲದೆ, ಯಾರೋ ಕೂತು ಹೂವು ಕಟ್ಟಿದಷ್ಟು ನಿಧಾನವಾಗಿ. ಓಡಿಹೋಗಿ ಕೇಬಲ್ ಕೀಳಬೇಕೆಂದು ಗೊತ್ತಿತ್ತು, ಯಾವ ಕೇಬಲ್ ಎಂದು ಗೊತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಕಿತ್ತೆ. ಕೆಳಗೆ ಬಿಲ್ಲಿಂಗಿನವರು, ಔಷಧ ಅಂಗಡಿಯವರು ಕೂಗತೊಡಗಿದಾಗಲೇ ಇಡೀ ಆಸ್ಪತ್ರೆಯನ್ನು ನಿಲ್ಲಿಸಿದ್ದೇನೆಂದು ತಿಳಿದದ್ದು.

ಡಯಾಲಿಸಿಸ್ ಯಂತ್ರಗಳಿಗೆ ಏನೂ ಆಗಿರಲಿಲ್ಲ, ಅವು ತಮ್ಮ ಪಾಡಿಗೆ ನಡೆಯುತ್ತವೆ. ಹೋದದ್ದು ರೋಗಿಗಳ ವಿವರ. ಅದರಲ್ಲಿ ಒಂದು ವಿವರ ಪ್ರಾಣದಷ್ಟು ಮುಖ್ಯ. ಹೆಪಟೈಟಿಸ್ ಸೋಂಕು ಇರುವವರಿಗೆ ಬೇರೆಯೇ ಯಂತ್ರ. ಅವರನ್ನು ಎಲ್ಲರ ಯಂತ್ರಕ್ಕೆ ಹಾಕಿದರೆ ನಂತರ ಬಂದವರಿಗೂ ಸೋಂಕು ದಾಟಬಹುದು. ಇಳಕಲ್ಲಿನಲ್ಲಿ ಮೊದಲ ಸರದಿ ಮುಗಿಯುತ್ತ ಬಂದಿತ್ತು, ಎರಡನೆಯ ಸರದಿಯವರು ಆಗಲೇ ಬಂದು ಕೂತಿದ್ದರು.

ನನ್ನ ಕಪಾಟಿನಲ್ಲಿ ಬ್ಯಾಕಪ್ ಡಿಸ್ಕ್ ಇತ್ತು. ಎಂದೂ ನೆಟ್‌ವರ್ಕಿಗೆ ಜೋಡಿಸದ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದೆ. ಪಟ್ಟಿ ಸಿಕ್ಕಿತು. ಗೆದ್ದ ಸಂತೋಷದಲ್ಲಿ ಅದರ ಫೋಟೊ ತೆಗೆದು ಇಳಕಲ್ಲಿಗೆ ವಾಟ್ಸ್‌ಆ್ಯಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅಲ್ಲಿಯ ಹಿರಿಯ ಸಿಸ್ಟರ್ ಫೋನ್ ಮಾಡಿದರು. ಅವರ ಧ್ವನಿ ತಣ್ಣಗಿತ್ತು.

"ಈ ಲಿಸ್ಟ್ ಯಾವಾಗಿಂದ್ರಿ?"

ನಾನು ಆಗ ಫೈಲಿನ ತಾರೀಖು ಹುಡುಕತೊಡಗಿದೆ.

"ಅಮೀನಗಡದ ಪೇಷಂಟಿಂದು ಇದ್ರಾಗ ನೆಗೆಟಿವ್ ಅಂತ ಐತಿ. ಅವ್ರಿಗೆ ಪಾಸಿಟಿವ್ ಬಂದು ಭಾಳ ದಿನ ಆತು. ನಮ್ಮ ಟೆಕ್ನಿಷಿಯನ್ ನಿಮ್ಮ ಲಿಸ್ಟ್ ನೋಡಿ ಅವ್ರನ್ನ ಎಲ್ಲಾರ ಮಷೀನಿಗೆ ಕರ್ಕೊಂಡು ಹೊಂಟಿದ್ರು. ಕೈ ಹಿಡದು ನಿಲ್ಲಿಸೇನಿ."

ಬ್ಯಾಕಪ್ ತಿಂಗಳುಗಳ ಹಿಂದೆಯೇ ನಿಂತುಹೋಗಿತ್ತು. ನಾನು ಕಳಿಸಿದ್ದು ಹಳೆಯ ಕಾಲದ ಸತ್ಯ. ಅಮೀನಗಡದವರ ನಂತರ ಮೂರನೆಯ ಸರದಿಯಲ್ಲಿ ಅದೇ ಯಂತ್ರದ ಮೇಲೆ ಮಲಗಬೇಕಿದ್ದವರು ಹುನಗುಂದದ ಟೇಲರ್ ಒಬ್ಬರು, ಎಲ್ಲರೂ ಚಾಚಾ ಎಂದು ಕರೆಯುವವರು. ಸಿಸ್ಟರ್ ಅಂದು ರಜೆಯಲ್ಲಿದ್ದಿದ್ದರೆ? ಈ ಪ್ರಶ್ನೆಯನ್ನು ನಾನು ಇವತ್ತಿಗೂ ಪೂರ್ತಿ ಮುಂದುವರಿಸುವುದಿಲ್ಲ, ಅರ್ಧಕ್ಕೇ ಎದ್ದು ಬೇರೆ ಕೆಲಸ ಹಿಡಿಯುತ್ತೇನೆ.

ಸಿಸ್ಟರ್ ಎರಡನೆಯ ಸರದಿಯನ್ನೇ ತಡೆದರು. ಕಿಡ್ನಿ ತಜ್ಞರು ಇಲ್ಲಿಯ ಹೊರರೋಗಿಗಳನ್ನು ಬಿಟ್ಟು ಆಸ್ಪತ್ರೆಯ ಜೀಪು ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು. ಅಲ್ಲಿ ಎಲ್ಲರ ರಕ್ತವನ್ನು ಕಿಟ್‌ನಲ್ಲಿ ಹೊಸದಾಗಿ ಪರೀಕ್ಷಿಸಿ, ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು, ನಂತರ ಯಂತ್ರಕ್ಕೆ ಬಿಡುವುದೆಂದಾಯಿತು. ಚಾಚಾ ಹೊರಗಿನ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಮೈಯಲ್ಲಿ ನೀರು ತುಂಬಿ ಕಾಲು ಊದಿದ್ದವು, ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದ್ದರು. ಒಂದೊಂದು ಮಾತಿಗೂ ಉಸಿರು ತಗೊಳ್ಳುತ್ತಿದ್ದರು. ಆದರೂ ನನ್ನನ್ನು ನೋಡಿ, "ತಂಗಿ, ನಿನ್ನ ಮಾರಿ ನೋಡಿದ್ರ ನನ್ನ ನಂಬರ್ ನಿನಗ ಬಿಟ್ಟುಕೊಡಬೇಕು ಅನಸ್ತೈತಿ" ಅಂದರು. ಸಂಜೆ ಹೊತ್ತಿಗೆ ಅವರ ಡಯಾಲಿಸಿಸ್ ಶುರುವಾಯಿತು. ಯಂತ್ರದ ಪಂಪು ತಿರುಗತೊಡಗಿದ ಮೇಲೆಯೇ ನಾನು ನೀರು ಕುಡಿದದ್ದು.

ಮರುದಿನ ತಜ್ಞರು ಇಳಕಲ್ ಘಟಕವನ್ನು ಮುಚ್ಚಿಸಿದರು. ನಾನು ಎದುರಿಗೆ ನಿಂತಿದ್ದೆ.

"ತೊಂದ್ರಿ ಪೇಷಂಟಿಗೆ ಮುಟ್ಟೂದ್ರೊಳಗ ನಿಮಗ ಗೊತ್ತಾಗಬೇಕು. ಹಂಗ ಗೊತ್ತಾಗ್ತೈತಿ ಅಂತ ನನಗ ತೋರಿಸ್ರಿ, ಆವತ್ತು ಲೈನ್ ಜೋಡಸೂಣು. ಅಲ್ಲೀತನಕ ಎಲ್ಲಾರೂ ನವನಗರಕ್ಕ ಬರ್ಲಿ."

ಎಲ್ಲರೂ ಬರತೊಡಗಿದರು. ಚಾಚಾ ಹುನಗುಂದದಲ್ಲಿ ನಸುಕಿನ ಬಸ್ಸು ಹಿಡಿದು ಬಂದು, ನಾಲ್ಕು ತಾಸು ಯಂತ್ರದ ಮೇಲಿದ್ದು, ಸುಸ್ತಾದ ದೇಹವನ್ನು ಮತ್ತೆ ಬಸ್ಸಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ವಾರಕ್ಕೆ ಮೂರು ದಿನ. ಉಳಿದ ದಿನಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಶಕ್ತಿ ಉಳಿಯುತ್ತಿರಲಿಲ್ಲವೆಂದು ಅವರ ಹೆಂಡತಿ ನನಗೆ ಹೇಳಿದರು. ದೂರಿದ್ದಲ್ಲ, ಹಾಗೇ ಹೇಳಿದ್ದು. ನನ್ನ ಕಿಟಕಿಯಿಂದ ಬಸ್ಸಿನಿಂದ ಇಳಿದು ಬರುವವರು ಕಾಣುತ್ತಿದ್ದರು.

ಪೊಲೀಸ್ ದೂರು ಆಯಿತು. ಹುಬ್ಬಳ್ಳಿಯ ತಂತ್ರಜ್ಞರು ಬಂದು ಕಂಪ್ಯೂಟರುಗಳಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಜ್ಜು ಮಾಡಿದರು. ಕಳೆದುಹೋದ ವಿವರಗಳನ್ನು ಲ್ಯಾಬಿನ ಯಂತ್ರಗಳಿಂದ, ರೋಗಿಗಳ ಮನೆಯ ಫೈಲುಗಳಿಂದ ಒಂದೊಂದಾಗಿ ತುಂಬಿದೆವು. ಅಷ್ಟರಲ್ಲಿ ಒಂದು ಕಂಪನಿಯ ಮಾರಾಟಗಾರರು ಹೊಳೆಯುವ ಪುಸ್ತಿಕೆಗಳೊಂದಿಗೆ ಬಂದರು. ಹೊಸ ಭದ್ರತಾ ವ್ಯವಸ್ಥೆ ಕೊಂಡರೆ ಇನ್ನು ನಿಶ್ಚಿಂತೆ ಎಂದರು. ಆಡಳಿತಾಧಿಕಾರಿಗಳು ಬಹುತೇಕ ಒಪ್ಪಿದ್ದರು. ಸದ್ಯ ನಮ್ಮಲ್ಲಿ ಏನಿದೆ ಎಂದು ಮಾರಾಟಗಾರರು ಕೇಳಿದ್ದಕ್ಕೆ ಬರೆದುಕೊಡಲು ನನಗೆ ಹೇಳಿದರು. ಹಾಗೆ ಬರೆಯಲು ಕೂತಾಗಲೇ ನಾನು ನಮ್ಮಲ್ಲಿ ಆಗಲೇ ಇದ್ದ ಭದ್ರತಾ ಸಾಫ್ಟ್‌ವೇರಿನ ನಿಯಂತ್ರಣ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು.

ಆಸ್ಪತ್ರೆಗೆ ಮಾನ್ಯತೆ ಕೊಡುವವರ ತಪಾಸಣೆಗೆಂದು ಅದನ್ನು ಹಿಂದೊಮ್ಮೆ ಕೊಂಡಿದ್ದರು. ಬಂದವರು ಗುರುತು ಹಾಕಿಕೊಂಡು ಹೋದರು, ಸಾಫ್ಟ್‌ವೇರ್ ಉಳಿಯಿತು. ಗೊತ್ತಿರುವ ವೈರಸ್ ಹಿಡಿಯುವುದು, ಎಚ್ಚರಿಕೆ ಕಳಿಸುವುದು ಬಿಟ್ಟು ಮತ್ತೆಲ್ಲವನ್ನೂ ಬಂದ್ ಮಾಡಿಟ್ಟಿದ್ದರು. ಸೋಂಕು ತಗುಲಿದ ಕಂಪ್ಯೂಟರನ್ನು ದೂರದಿಂದಲೇ ಉಳಿದವುಗಳಿಂದ ಬೇರೆ ಮಾಡುವ ಗುಂಡಿ ಇತ್ತು, ಯಾರೂ ಒತ್ತಿರಲಿಲ್ಲ. ಯಾರಿಂದಲೂ ಅಳಿಸಲಾಗದ ಬ್ಯಾಕಪ್ ಪ್ರತಿ ಇಡುವ ಸೌಲಭ್ಯವಿತ್ತು, ಅದೂ ಬಂದ್ ಇತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅದು ಎಚ್ಚರಿಕೆ ಕೊಡುತ್ತಲೇ ಇತ್ತು. ದಾಳಿಗೆ ವಾರಗಳ ಮೊದಲೇ ಇಳಕಲ್ಲಿನ ಲಾಗಿನ್ ಬಳಸಿ ಯಾರೋ ಹೊರದೇಶದಿಂದ ಒಳಗೆ ಬಂದದ್ದನ್ನು ಕಂಡು ಹೇಳಿತ್ತು. ಬ್ಯಾಕಪ್ ನಿಂತದ್ದನ್ನೂ ದಿನಾ ಹೇಳುತ್ತಿತ್ತು. ಆ ಸಂದೇಶಗಳೆಲ್ಲ ಹೋಗುತ್ತಿದ್ದುದು ನನಗಿಂತ ಮೊದಲು ಈ ಕೆಲಸದಲ್ಲಿದ್ದು ಬಿಟ್ಟು ಹೋದವರ ಇಮೇಲ್ ಪೆಟ್ಟಿಗೆಗೆ. ಅದನ್ನು ತೆರೆದು ಕೆಳಗಿನಿಂದ ಓದುತ್ತ ಹೋದೆ. ಬಾಗಿಲಲ್ಲಿ ನಿಂತು ಒಬ್ಬರು ಕೂಗಿದ್ದಾರೆ, ಒಳಗೆ ಯಾರೂ ಇಲ್ಲ.

ಹೆದರಿಕೆಯಲ್ಲಿ ನಾನು ಮಾಡಿದ ಮೊದಲ ಕೆಲಸ, ಎಲ್ಲವನ್ನೂ ಒಂದೇ ದಿನ ಚಾಲೂ ಮಾಡಿದ್ದು. ಅತಿ ಬಿಗಿಯಾದ ಹಂತಕ್ಕೇ ಇಟ್ಟೆ. ಮರುದಿನ ಬೆಳಿಗ್ಗೆ ನವನಗರದ ಲ್ಯಾಬ್ ನಿಂತಿತು. ರಕ್ತ ಪರೀಕ್ಷಿಸುವ ಯಂತ್ರದ ಜೊತೆ ಬಂದಿದ್ದ ಹಳೆಯ ಪ್ರೋಗ್ರಾಂ ಸಾಫ್ಟ್‌ವೇರಿನ ಕಣ್ಣಿಗೆ ಕಳ್ಳನಂತೆ ಕಂಡಿತ್ತು, ತಡೆದು ಕೂರಿಸಿತ್ತು. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಆಡಳಿತಾಧಿಕಾರಿಗಳು ನನ್ನನ್ನು ಕರೆಸಿದರು. ಬೈಯುವವರಲ್ಲ, ಚುಚ್ಚುವವರು.

"ಕಳ್ಳ ಬಂದಾಗ ಮುಚ್ಚಿದ್ದು ಇಳಕಲ್ ಒಂದ. ನೀವು ಕಾವಲ ಕುಂತ ಮ್ಯಾಲ ನವನಗರನೂ ನಿಂತೈತಿ." ಮೇಜಿನ ಮೇಲಿದ್ದ ಹೊಸ ವ್ಯವಸ್ಥೆಯ ಪ್ರಸ್ತಾವಕ್ಕೆ ಕೈ ಹಾಕಿದರು. "ಸಹಿ ಮಾಡ್ತೇನಿ, ತಗೊಂಡು ಹೋಗ್ರಿ."

ನನಗೆ ಅಳು ಬರುವಂತಿತ್ತು, ಬಂದದ್ದು ಮಾತು. "ಸರ್, ಇರೂದನ್ನ ಬಳಸಾಕ ನಮಗ ಬಂದಿಲ್ಲ. ಹೊಸಾದು ತಂದ್ರ ಅದನ್ನರ ಹೆಂಗ ಬಳಸ್ತೀವ್ರಿ? ಅದೂ ಒಂದು ಪೆಟ್ಟಿಗಿಗೆ ಪತ್ರ ಬರಕೋತ ಕುಂದರ್ತೈತಿ."

ಅವರು ನನ್ನನ್ನು ನೋಡಿದರು, ಪ್ರಸ್ತಾವವನ್ನು ನೋಡಿದರು. ಕೊನೆಗೆ ಅದನ್ನು ಪೇಪರ್‌ವೇಟ್ ಕೆಳಗೆ ತಳ್ಳಿ, "ಎಷ್ಟು ದಿನ ಬೇಕು?" ಎಂದರು. ಗೊತ್ತಿಲ್ಲವೆಂದೆ. ಮೊದಲು ಕೇಂದ್ರಗಳಿಗೆ ಹೋಗಿ ಕೌಂಟರಿನಲ್ಲಿ ಕೂತು ನೋಡಬೇಕೆಂದೆ. ಆ ಮಾತನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಬಾಯಿಗೆ ಬಂದ ಮೇಲೆ ಸರಿಯೆನಿಸಿತು.

ಇಳಕಲ್ಲಿನ ಕೌಂಟರಿನಲ್ಲಿ ಆ ಹುಡುಗಿಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವಳ ತೆರೆಯ ಕೆಳಗಿನ ಬಲ ಮೂಲೆಗೆ ಅಂಗೈಯಷ್ಟು ದೊಡ್ಡ ಬನಶಂಕರಿಯ ಸ್ಟಿಕರ್ ಅಂಟಿಸಿತ್ತು. ದಸರೆಯಲ್ಲಿ ಕಂಪ್ಯೂಟರಿಗೆ ಪೂಜೆ ಮಾಡಿ ಹಚ್ಚಿದ್ದಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನನಗೆ ಹೊಳೆಯಿತು. ನಮ್ಮ ಸಾಫ್ಟ್‌ವೇರಿನ ಎಚ್ಚರಿಕೆಯ ಚೌಕ ಮೂಡುವುದು ಸರಿಯಾಗಿ ಆ ಮೂಲೆಯಲ್ಲಿ.

ಇಲ್ಲಿ ಏಕೆ ಅಂಟಿಸಿದೆ ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಕೌಂಟರಿನ ತೆರೆಯನ್ನು ರೋಗಿಗಳಿಗೂ ಕಾಣುವಂತೆ ಓರೆಯಾಗಿ ಇಡುವುದು ನಮ್ಮ ಪದ್ಧತಿ. ತಮ್ಮ ಹೆಸರು ಸರಿಯಾಗಿ ಬರೆದಿದೆಯೇ ಎಂದು ಅವರು ನೋಡಿಕೊಳ್ಳಲಿ ಎಂದು. ನಮ್ಮ ಲ್ಯಾಬ್ ವರದಿಯಲ್ಲಿ ಹೆಚ್ಚು ಕಡಿಮೆಯಾದ ಅಂಕಿ ಕೆಂಪಗೆ ಬರುತ್ತದೆ, ಇದು ಊರಿಗೆಲ್ಲ ಗೊತ್ತು.

"ಆ ಕೆಂಪು ಡಬ್ಬಿ ಬಂದ್ರ ಪೇಷಂಟ್ ತಮ್ದ ರಿಪೋರ್ಟ್ ಏನೋ ಕೆಟ್ಟ ಬಂದೈತಿ ಅನ್ಕೋತಾರ್ರಿ. ಒಬ್ಬಾಕಿ ಮುದುಕಿ ಇಲ್ಲೇ ಕುಸದು ಕುಂತ್ಲು. ಇಂಗ್ಲೀಷು, ನನಗೂ ಓದಾಕ ಬರೂದಿಲ್ಲ, ಏನಂತ ಹೇಳ್ಲಿ? ತಾಯಿನ ತಂದು ಮುಂದ ಕುಂಡ್ರಿಸಿದೆ."

ಅವಳಿಗೆ ಬೈಯಲು ಏನಿತ್ತು? ಅವಳು ರೋಗಿಯ ಎದೆಬಡಿತ ನೋಡಿದ್ದಳು. ಹುನಗುಂದದ ಕೌಂಟರಿನಲ್ಲೂ ಅದೇ ಮೂಲೆಗೆ ಬಸವಣ್ಣನವರ ಚಿತ್ರವಿತ್ತು, ಬಾದಾಮಿಯಲ್ಲಿ ಬಿಳಿ ಪ್ಲಾಸ್ಟರ್ ಪಟ್ಟಿ. ಒಬ್ಬರು ಮಾಡಿದ್ದನ್ನು ಫೋನಿನಲ್ಲಿ ಕೇಳಿ ಮತ್ತೊಬ್ಬರು ಮಾಡಿದ್ದರು.

ಆ ಸಾಫ್ಟ್‌ವೇರಿನಲ್ಲಿ ಎಚ್ಚರಿಕೆಯ ಮಾತನ್ನೂ ಬಣ್ಣವನ್ನೂ ನಾವೇ ಬದಲಿಸಬಹುದಿತ್ತು. ಅದೂ ಯಾರೂ ಮುಟ್ಟದ ಒಂದು ಸೌಲಭ್ಯ. ನಾನು ಶುದ್ಧ ಕನ್ನಡದಲ್ಲಿ ಎರಡು ಸಾಲು ಬರೆದೆ. ಹುಡುಗಿ ಓದಿ, ಸರ್ಕಾರದ ನೋಟೀಸಿನ ಹಾಗಿದೆ ಎಂದು ಮುಖ ಸಿಂಡರಿಸಿ ತಾನೇ ಹೇಳಿ ಬರೆಸಿದಳು: "ಸ್ವಲ್ಪ ತಡೀರಿ. ಇದು ಪೇಷಂಟಿಂದಲ್ಲ, ಕಂಪ್ಯೂಟರಿಂದು. ಏನೂ ಒತ್ತಬ್ಯಾಡ್ರಿ. ನವನಗರಕ್ಕ ಫೋನ್ ಹಚ್ಚರಿ." ಕೆಂಪು ತೆಗೆದು ನೀಲಿ ಹಾಕಿದೆವು. ಬನಶಂಕರಿಯನ್ನು ಅವಳೇ ಉಗುರಿನಿಂದ ಮೆಲ್ಲಗೆ ಬಿಡಿಸಿ ಗೋಡೆಗೆ ಅಂಟಿಸಿದಳು.

ಅಲ್ಲಿಂದ ಮುಂದೆ ನನಗೆ ದಾರಿ ಕಂಡಿತು. ಸಾಫ್ಟ್‌ವೇರನ್ನು ಕೆಲವು ವಾರ ಬರೀ ನೋಡುವ ಸ್ಥಿತಿಯಲ್ಲಿಟ್ಟೆ. ಆ ಸ್ಥಿತಿಯಲ್ಲಿ ಅದು ಏನನ್ನೂ ತಡೆಯುವುದಿಲ್ಲ, ಯಾವುದನ್ನು ತಡೆಯುತ್ತಿತ್ತು ಎಂದು ಬರೆದಿಡುತ್ತದೆ. ಆ ದಾಖಲೆ ಹಿಡಿದು ಲ್ಯಾಬಿನವರ, ಎಕ್ಸ್‌ರೇಯವರ ಜೊತೆ ಕೂತು, ಯಾವುದು ನಮ್ಮದು ಯಾವುದು ಅಲ್ಲ ಎಂದು ಬೇರ್ಪಡಿಸಿದೆವು. ನಂತರ ಒಂದು ಕೇಂದ್ರ, ಅದು ಸರಿಹೋದ ಮೇಲೆ ಇನ್ನೊಂದು, ಹೀಗೆ ಬಿಗಿ ಮಾಡುತ್ತ ಬಂದೆ.

ಕಷ್ಟವಾದದ್ದು ಲಾಗಿನ್ ವಿಷಯ. ಇಳಕಲ್ಲಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್, ಅದು ಊರಿನ ಹೆಸರು. ಕಳ್ಳರು ಬಂದದ್ದೂ ಅದರಿಂದಲೇ. ಇನ್ನು ಒಬ್ಬೊಬ್ಬರಿಗೆ ಒಂದೊಂದು, ಜೊತೆಗೆ ಫೋನಿಗೆ ಬರುವ ಅಂಕಿಯನ್ನೂ ಹಾಕಬೇಕು ಎಂದಾಗ ಹಿರಿಯ ಸಿಸ್ಟರೇ ಒಪ್ಪಲಿಲ್ಲ. ಬುತ್ತಿ ಬಿಚ್ಚಿದರೆ ರೊಟ್ಟಿ ಹಂಚಿಕೊಂಡು ತಿನ್ನುವವರು ಪಾಸ್‌ವರ್ಡ್ ಕೇಳಿದರೆ ಕೊಡುವುದಿಲ್ಲ ಎಂದು ಹೇಗೆ ಹೇಳುವುದು, ಮುಖ ಮುರಿದಂತಾಗುತ್ತದೆ ಎಂದರು. ಅವರ ಮಾತು ನನಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಇಲ್ಲ ಎನ್ನುವುದು ಸುಲಭವಲ್ಲ. ಹಾಗಾಗಿ ಕೇಳುವ ಸಂದರ್ಭವನ್ನೇ ತೆಗೆಯಬೇಕಾಯಿತು. ದಿನಕ್ಕೊಮ್ಮೆ ಫೋನಿನ ಅಂಕಿ ಹಾಕಿದ ಮೇಲೆ ಯಾರು ಬಂದು ಕೂತರೂ ತಮ್ಮ ಹೆಸರಿನಲ್ಲಿ ಕ್ಷಣದಲ್ಲಿ ತೆರೆದುಕೊಳ್ಳುವಂತೆ, ಎದ್ದು ಹೋದರೆ ತಾನಾಗಿ ಮುಚ್ಚಿಕೊಳ್ಳುವಂತೆ ಪ್ರತಿ ಕಂಪ್ಯೂಟರನ್ನೂ ಹೊಂದಿಸಿದೆ. ನವನಗರದ ಹಿರಿಯ ಸರ್ಜನ್ ಒಬ್ಬರು ಮಾತ್ರ ತಿಂಗಳುಗಟ್ಟಲೆ ನನ್ನನ್ನು ಕಂಡಾಗಲೆಲ್ಲ, "ಬಂದ್ರು ನೋಡ್ರಿ, ಆಪರೇಷನ್ ಮಾಡಾಕ ಓಟಿಪಿ ಕೇಳವ್ರು" ಎನ್ನುತ್ತಿದ್ದರು.

ಎಚ್ಚರಿಕೆಗಳು ಇನ್ನು ಮೂವರ ಫೋನಿಗೆ ಬರುವಂತಾದವು: ನನಗೆ, ಇಳಕಲ್ಲಿನ ಸಿಸ್ಟರಿಗೆ, ಆಡಳಿತಾಧಿಕಾರಿಗಳಿಗೆ. ಸಣ್ಣಪುಟ್ಟವನ್ನು ಬೆಳಗಿನ ಒಂದೇ ವರದಿಯಲ್ಲಿ ಸೇರಿಸಿ, ನಿಜಕ್ಕೂ ಏಳಬೇಕಾದದ್ದಕ್ಕೆ ಮಾತ್ರ ಫೋನ್ ಹೊಡೆದುಕೊಳ್ಳುವಂತೆ ಇಟ್ಟೆ. ಶನಿವಾರಗಳಂದು ಅಳಿಸಲಾಗದ ಬ್ಯಾಕಪ್ ಪ್ರತಿಯಿಂದ ಯಾರಾದರೊಬ್ಬ ರೋಗಿಯ ವಿವರ ಹೊರತೆಗೆದು, ಸಿಸ್ಟರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಅವರು ತಮ್ಮ ಕಾಗದ ನೋಡಿ "ಹೌದು, ಇದು ಈ ವಾರದ್ದ" ಎಂದ ಮೇಲೆಯೇ ಆ ವಾರ ಮುಗಿದಂತೆ.

ಇಷ್ಟೆಲ್ಲ ಆದರೂ ರಾತ್ರಿ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಫೈಲುಗಳ ಹೆಸರು ಒಂದೊಂದಾಗಿ ಬದಲಾಗುತ್ತಿದ್ದವು. ಎದ್ದು ಫೋನ್ ನೋಡುವುದು, ಮಲಗುವುದು, ಮತ್ತೆ ಏಳುವುದು. ನಾನು ಒಣಗುತ್ತಿರುವುದನ್ನು ಕಂಡು ಅವ್ವ ಕೆಲಸ ಬಿಡು ಎಂದಳು. ಬಿಟ್ಟರೆ ಎಚ್ಚರಿಕೆಗಳು ಮತ್ತೆ ಖಾಲಿ ಪೆಟ್ಟಿಗೆಗೆ ಬೀಳುತ್ತವೆ ಎಂದು ಅವಳಿಗೆ ವಿವರಿಸಲಾಗಲಿಲ್ಲ.

ಮುಂದೊಂದು ಮಧ್ಯಾಹ್ನ ಬಾದಾಮಿಯಿಂದ ಫೋನ್. ಅಲ್ಲಿಯ ಕೌಂಟರಿನವಳು ಚೊಳಚಗುಡ್ಡದಿಂದ ದಿನಾ ಬರುವ, ಮೆಲ್ಲಗೆ ಮಾತಾಡುವ ಹೆಂಗಸು. ವಿಮೆ ಕಂಪನಿಯದೆಂದು ಕಂಡ ಇಮೇಲಿನ ಫೈಲನ್ನು ತೆರೆದಿದ್ದಳು, ನೀಲಿ ಚೌಕ ಮೂಡಿತ್ತು.

"ಮೇಡಂ, ತಡೀರಿ ಅಂತ ಬಂದೈತಿ. ತಡದೇನಿ. ಮುಂದ ನಾಕು ಮಂದಿ ನಿಂತಾರ, ಕಂಪ್ಯೂಟರಿಗೆ ಜ್ವರ ಬಂದೈತಿ, ಪಾಳಿ ಆ ಕಡೆ ಹಚ್ಚರಿ ಅಂತ ಹೇಳೇನಿ."

ಫಲಕ ತೆರೆದಾಗ ಬಾದಾಮಿಯ ಆ ಒಂದು ಕಂಪ್ಯೂಟರಿನ ಮುಂದೆ ಗುರುತು ಕಾಣುತ್ತಿತ್ತು, ಪಕ್ಕದಲ್ಲಿ ಬೇರೆ ಮಾಡುವ ಗುಂಡಿ. ಒತ್ತಿದೆ. ಅದು ಉಳಿದೆಲ್ಲವುಗಳಿಂದ ಕಡಿದುಕೊಂಡಿತು. ಆಮೇಲೆ ಸಂಜೆಯವರೆಗೆ ಕೂತು ಪ್ರತಿ ಕೇಂದ್ರವನ್ನೂ ತಡಕಿದೆ. ಬೇರೆಲ್ಲೂ ಏನೂ ಹರಡಿರಲಿಲ್ಲ. ಲ್ಯಾಬ್ ನಡೆಯುತ್ತಿತ್ತು, ಔಷಧದ ಅಂಗಡಿ ನಡೆಯುತ್ತಿತ್ತು, ಕೆಳಗೆ ಯಾರೂ ಕೂಗಲಿಲ್ಲ. ಏನಾಗಿತ್ತೆಂದು ಆಸ್ಪತ್ರೆಯಲ್ಲಿ ಬಹಳ ಜನಕ್ಕೆ ಗೊತ್ತೂ ಆಗಲಿಲ್ಲ.

ಕಿಡ್ನಿ ತಜ್ಞರಿಗೆ ಗೊತ್ತಾಗಿತ್ತು. ನನ್ನ ಕೋಣೆಗೆ ಬಂದು ನಿಂತೇ ಕೇಳಿದರು. ಮೊದಲು ಯಾರಿಗೆ ಕಂಡಿತು, ಎಷ್ಟು ಹೊತ್ತಿಗೆ ತಡೆದಿರಿ, ಇಂದಿನ ಬ್ಯಾಕಪ್ ಇದೆಯೇ. ಕೊನೆಯದಕ್ಕೆ ನಾನು ಉತ್ತರಿಸದೆ ಲ್ಯಾಪ್‌ಟಾಪ್ ತಿರುಗಿಸಿ, ಚಾಚಾರ ವಿವರವನ್ನು ಬ್ಯಾಕಪ್ ಪ್ರತಿಯಿಂದ ತೆಗೆದು ತೋರಿಸಿದೆ. ಅದರಲ್ಲಿ ಅಂದು ಬೆಳಿಗ್ಗೆ ತಜ್ಞರೇ ಬದಲಿಸಿದ ಔಷಧದ ಪ್ರಮಾಣವಿತ್ತು. ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೋಮವಾರ ಇಳಕಲ್ ಚಾಲೂ ಮಾಡೂಣು" ಎಂದಷ್ಟೇ ಹೇಳಿ ಹೋದರು.

ಸೋಮವಾರ ನಾನೂ ಇಳಕಲ್ಲಿನಲ್ಲಿದ್ದೆ. ಲೈನ್ ಜೋಡಿಸಿದೆವು. ನವನಗರದಿಂದ ತಜ್ಞರ ಒಪ್ಪಿಗೆ ತೆರೆಯ ಮೇಲೆ ಬಂತು, ಸಿಸ್ಟರ್ ಮೊದಲ ಹೆಸರು ಕರೆದರು. ಚಾಚಾ ಬೆಳಗಿನ ನಾಷ್ಟಾ ಮುಗಿಸಿ ಆರಾಮವಾಗಿ ಬಂದಿದ್ದರು. ಬಾಗಲಕೋಟೆಯ ಬಸ್ಸಿನ ಕಂಡಕ್ಟರ್ ತಮ್ಮನ್ನು ಕಾಣದೆ ಇವತ್ತು ಅಳುತ್ತಿರಬೇಕೆಂದರು. ಹಾಸಿಗೆಗೆ ಒರಗಿ, ಮುಂದಿನ ವಾರದಿಂದ ಅಂಗಡಿ ತೆರೆಯುವುದಾಗಿಯೂ, ನನ್ನ ಜಂಪರಿನ ತೋಳು ಯಾರೋ ಕೆಡಿಸಿ ಹೊಲಿದಿದ್ದಾರೆಂದೂ, ತಂದುಕೊಟ್ಟರೆ ಬಿಚ್ಚಿ ಸರಿಮಾಡುವುದಾಗಿಯೂ ಹೇಳಿದರು. ಯಂತ್ರ ತಿರುಗತೊಡಗಿತು.

ಆ ರಾತ್ರಿ ಮನೆಗೆ ಬಂದು ಉಂಡು ಮಲಗಿದ್ದು ನೆನಪಿದೆ. ನಂತರದ್ದು ಅವ್ವನ ಧ್ವನಿ: "ಏಳವಾ, ಬಿಸಲು ಬಿದ್ದೈತಿ, ಚಾ ಆರಾಕತ್ತೈತಿ." ಗಾಬರಿಯಿಂದ ಎದ್ದು ಫೋನ್ ಹುಡುಕಿದೆ. ಬೆಳಗಿನ ವರದಿ ಬಂದಿತ್ತು. ರಾತ್ರಿ ನಾನು ಮಲಗಿದ್ದಾಗ ಯಾರೋ ದೂರದಿಂದ ನಮ್ಮ ಹಳೆಯ ಲಾಗಿನ್ ಪ್ರಯತ್ನಿಸಿದ್ದರು. ಸಾಫ್ಟ್‌ವೇರ್ ತಡೆದಿತ್ತು, ಬರೆದಿಟ್ಟಿತ್ತು, ನನ್ನನ್ನು ಎಬ್ಬಿಸಿರಲಿಲ್ಲ.